ಎಲ್ವುಡ್ ಸಾಬೋ ಕಂಡ ಫೈನಲ್

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಸಾಸೇಜು. ಒಂದಲ್ಲ, ಮೂರು. ಫೈನಲ್ ಶುರುವಾಗುವ ಮೊದಲು ಕೆಲ್ಟನ್ ಕ್ರೀಡಾಂಗಣದ ಹೊರಗೆ, ಕಾರು ನಿಲ್ಲಿಸುವ ಬಯಲಿನಲ್ಲಿ, ಗಸ್ ಪಪಾಸ್ ತನ್ನ ಟ್ರಕ್ಕಿನ ಹಿಂದೆ ಒಲೆ ಹಚ್ಚಿದ. ಸಾಸೇಜು ಸುಟ್ಟು, ಮೇಲೆ ಅವನ ಅತ್ತೆ ಹಾಕಿದ ಮೆಣಸಿನಕಾಯಿ ಉಪ್ಪಿನಕಾಯಿ ಸುರಿದು ಎಲ್ವುಡ್ ಸಾಬೋನ ಕೈಗಿಟ್ಟ. ಎಲ್ವುಡ್ ಬೇಡ ಅನ್ನಬಹುದಿತ್ತು. ಬಿಟ್ಟಿ ಸಾಸೇಜು ಬೇಡ ಅನ್ನುವ ಗಂಡಸು ಒಹಾಯೋದಲ್ಲಿ ಇನ್ನೂ ಹುಟ್ಟಿಲ್ಲ.

ಎಲ್ವುಡ್, ಗಸ್ ಇಬ್ಬರೂ ಶಾಲಾ ಬಸ್ಸು ರಿಪೇರಿ ಮಾಡುವವರು. ಕೆಲ್ಟನ್ ಸ್ಟೀಮರ್ಸ್ ಫುಟ್‌ಬಾಲ್ ಕ್ಲಬ್ಬು ಹುಟ್ಟಿದಂದಿನಿಂದ ಇಬ್ಬರೂ ಅದರ ಭಕ್ತರು. ಹುಟ್ಟಿದ ವರ್ಷ ಸ್ಟೀಮರ್ಸ್ ಲೀಗಿನ ಕಟ್ಟಕಡೆಗೆ ನಿಂತಿತು. ಮರುವರ್ಷವೂ ಕಟ್ಟಕಡೆಯೇ, ಆದರೆ ಸ್ವಲ್ಪ ಮರ್ಯಾದೆಯಿಂದ. ಆಮೇಲೊಮ್ಮೆ ಕೋಚ್ ಬದಲಾಯಿಸಿದರು, ಇನ್ನೊಮ್ಮೆ ಶರಟಿನ ತಿಳಿಹಸಿರನ್ನು ಕಡುಹಸಿರಿಗೆ ಬದಲಾಯಿಸಿದರು. ಜಾಗ ಮಾತ್ರ ಬದಲಾಗಲಿಲ್ಲ. ಒಂದು ದಿನ ಗೋಲ್‌ಕೀಪರ್ ವಾಂಡರ್‌ವೀನ್ ಏಳು ಗೋಲು ಬಿಟ್ಟ. ಆಟ ಮುಗಿದ ಮೇಲೆ ಬೇಲಿಯ ಹತ್ತಿರ ಬಂದು, ತಲೆ ತಗ್ಗಿಸದೆ, ಜನರ ಕಣ್ಣು ನೋಡಿ ಕ್ಷಮೆ ಕೇಳಿದ. ಜನ ಎದ್ದು ನಿಂತು ಅವನಿಗಾಗಿ ಹಾಡಿದರು. ಏಳು ಗೋಲು ತಿಂದ ಮೇಲೂ ಹಾಡುವ ಜನ ಎಲ್ಲಿ ಸಿಗುತ್ತಾರೆ? ಗೆದ್ದವರ ಮುಂದೆ ನಾಯಿಯೂ ಬಾಲ ಆಡಿಸುತ್ತದೆ.

ಅಂಥ ಜನ ಇದ್ದುದಕ್ಕೇ ಕ್ಲಬ್ಬು ಮೇಲೆದ್ದಿತು. ದೊಡ್ಡ ಊರಿನ ಕ್ಲಬ್ಬುಗಳು ಕರೆದರೂ ಕ್ಯಾಪ್ಟನ್ ಅರಾಯಾ ಹೋಗಲಿಲ್ಲ. 'ಇಲ್ಲಿ ಕೆಲಸ ಮುಗಿದಿಲ್ಲ' ಅಂದ. ಒಂದು ವರ್ಷ ಮಧ್ಯಕ್ಕೆ ಬಂದರು, ಮತ್ತೊಂದು ವರ್ಷ ನಾಕೌಟಿಗೆ, ಹೋದ ವರ್ಷ ಸೆಮಿಫೈನಲಿಗೆ. ಈ ವರ್ಷ ಫೈನಲ್, ಅದೂ ಸ್ವಂತ ಅಂಗಳದಲ್ಲಿ. ಗೆದ್ದವರಿಗೆ ಕೊಡುವ ಆ ಕಪ್ಪು ತನ್ನ ಊರಿಗೆ ಬರುವುದನ್ನು ಕಣ್ಣಾರೆ ನೋಡಬೇಕು. ಎಲ್ವುಡ್‌ಗೆ ಇದ್ದದ್ದು ಇದೊಂದೇ ಆಸೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಉಪ್ಪಿನಕಾಯಿ ಕೆಲಸ ಶುರು ಮಾಡಿತು. ಹೊಟ್ಟೆಯೊಳಗೆ ಬಸ್ಸಿನ ಗೇರು ಬದಲಾದಂತೆ ಸದ್ದು. ಎಲ್ವುಡ್ ಎದ್ದು ಓಡಿದ. ಶೌಚಾಲಯದ ಚಿಲಕ ಹಾಕುವುದಕ್ಕೂ ಹೊರಗೆ ಹಡಗಿನ ಕೊಂಬು ಮೊಳಗುವುದಕ್ಕೂ ಸರಿಹೋಯಿತು. ಸ್ಟೀಮರ್ಸ್ ಗೋಲು ಹೊಡೆದರೆ ಊದುವ, ಹಳೆಯ ಸರೋವರ ಹಡಗಿನ ಕೊಂಬು ಅದು.

ಓಡಿ ಬಂದು ಕೂತ. "ಯಾರು ಹೊಡೆದದ್ದು? ಹೆಂಗೆ ಹೊಡೆದ?"

"ಅರಾಯಾ. ತಲೇಲಿ," ಅಂದಳು ಪಕ್ಕದ ಸೀಟಿನ ಮರ್ಲೀನ್ ದುಪ್ರೀ. ಅಂಚೆ ಕಚೇರಿಯಿಂದ ನಿವೃತ್ತಳಾದ ಹೆಂಗಸು, ಆ ಸಾಲಿಗೆಲ್ಲ ಅವಳ ಮಾತೇ ಕಾನೂನು. ಗೆದ್ದ ದಿನ ಹಾಕಿದ ಕಾಲುಚೀಲವನ್ನು ಸೋಲುವ ತನಕ ಒಗೆಯುವವಳಲ್ಲ. ಆ ಜನಕ್ಕೆ ದೇವರಿಗಿಂತ ಕಾಲುಚೀಲದ ಮೇಲೆ ನಂಬಿಕೆ ಜಾಸ್ತಿ.

ಎಲ್ವುಡ್ ಕೂತು ಉಸಿರು ಬಿಡುವುದರೊಳಗೆ ಎದುರಾಳಿ ಹಾರ್ಲನ್ ಸಿಟಿ ಗೋಲು ಹೊಡೆಯಿತು. ಸಾಲಿನವರೆಲ್ಲ ಮೆಲ್ಲಗೆ ತಿರುಗಿ ಅವನನ್ನು ನೋಡಿದರು.

"ಎಲ್ವುಡ್, ಹೊಟ್ಟೆ ಇನ್ನೂ ನೋಯ್ತಿದ್ಯಾ?" ಅಂದಳು ಮರ್ಲೀನ್.

"ಇಲ್ಲ, ಈಗ ಪರವಾಗಿಲ್ಲ."

"ನೋಯಿಸ್ಕೋ."

"ಏನು ತಮಾಷೆ ಮಾಡ್ತೀಯಾ?"

"ಕಾಕತಾಳೀಯನಾ ಅಂತ ನೋಡೋಣ. ಸುಮ್ನೆ ಹೋಗಿ ಬಾ, ಮಾರಾಯ."

ಹೋದ. ಕೊಂಬು ಮೊಳಗಿತು. ಬಂದ. ಹಾರ್ಲನ್ ಮತ್ತೆ ಸಮ ಮಾಡಿತು. ಎರಡು, ಎರಡು.

ಈಗ ಮರ್ಲೀನ್ ಹಳೆಯದನ್ನೆಲ್ಲ ಕೆದಕಿದಳು. "ಮೊದಲನೇ ವರ್ಷ ನಾವು ಗೆದ್ದ ಒಂದೇ ಆಟ ಯಾವುದು? ನೀನು ಮೂತ್ರದ ಕಲ್ಲು ಅಂತ ಆಸ್ಪತ್ರೇಲಿ ಮಲಗಿದ್ದಾಗ. ನಾಲ್ಕು ಗೋಲು ಹೊಡೆದದ್ದು ಯಾವಾಗ? ನಿನ್ನ ಮಗಳ ಮದುವೆ ದಿನ. ಹೋದ ವರ್ಷ ಸೆಮಿಫೈನಲಲ್ಲಿ ಎಲ್ಲಿದ್ದೆ?"

"ಇಲ್ಲೇ, ನಿನ್ನ ಪಕ್ಕ."

"ನೋಡು ಮತ್ತೆ. ಇಷ್ಟು ವರ್ಷ ಪಾಪ ಕೋಚುಗಳ್ನ ಬೈದ್ವಿ. ಶನಿ ಪಕ್ಕದ ಸೀಟಲ್ಲೇ ಕೂತಿತ್ತು."

"ಮಳೇಲಿ ನೆಂದು, ಹಿಮದಲ್ಲಿ ನಡುಗಿ ಆ ಎರಡು ಬಿಟ್ರೆ ಒಂದು ಆಟ ತಪ್ಪಿಸದೆ ಬಂದಿದೀನಿ ನಾನು," ಅಂದ ಎಲ್ವುಡ್.

"ಅದೇ ಕಣೋ ನಮ್ಮ ಕರ್ಮ," ಅಂದ ಗಸ್. ಉಪ್ಪಿನಕಾಯಿ ತಿನ್ನಿಸಿದವನೇ ತೋಳು ಹಿಡಿದು ಎಳೆದುಕೊಂಡು ಹೋಗಿ, ಮೂಲೆಯ ಶೌಚಾಲಯಕ್ಕೆ ನೂಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಕಪ್ಪು ಬರೋ ತನಕ ಆಚೆ ಬಂದ್ರೆ ನಾನು ನಿನ್ನ ಸ್ನೇಹಿತ ಅಲ್ಲ."

ಒಳಗೆ ಕೈತೊಳೆಯುವ ಕಟ್ಟೆಯ ಮೇಲೆ ಹಾರ್ಲನ್ನಿನ ಕಿತ್ತಳೆ ಶರಟು, ಕಿತ್ತಳೆ ಟೋಪಿ ಹಾಕಿದ ಒಬ್ಬ ಡುಮ್ಮ ಕಾಲು ಆಡಿಸುತ್ತ ಕೂತಿದ್ದ. ಆ ಮೂಲೆಯ ಶೌಚಾಲಯ ಎರಡೂ ತಂಡಗಳ ಜನರಿಗೆ ಸೇರಿದ್ದು.

"ನಿನ್ನನ್ನೂ ಓಡಿಸಿದ್ರಾ?" ಅಂದ. "ನಾನು ಹೊರೇಸ್. ನಾನು ಇತ್ತ ಬಂದಾಗೆಲ್ಲ ನಮ್ಮವರು ಗೋಲು ಹೊಡೆದ್ರು. ಆಚೆ ಬಂದ್ರೆ ಊರಿಗೆ ನಡ್ಕೊಂಡು ಬಾ ಅಂದಿದಾಳೆ ಹೆಂಡ್ತಿ. ಕಾರಿನ ಕೀಲಿ ಅವಳ ಹತ್ರಾನೇ ಇದೆ."

ಇಬ್ಬರು ಶನಿಗಳೂ ಕೈಕುಲುಕಿದರು. ಹೊರಗೆ ಹೆಚ್ಚುವರಿ ಆಟವೂ ಮುಗಿಯಿತು. ಗೋಲಿಲ್ಲ. ಪೆನಾಲ್ಟಿ ಒದೆತ ಅಂತ ಧ್ವನಿವರ್ಧಕ ಸಾರಿತು. ಎಲ್ವುಡ್ ಬೋನಿನ ಕರಡಿಯಂತೆ ಅತ್ತಿಂದಿತ್ತ ಓಡಾಡಿದ. ಗೋಡೆಯ ಆಚೆ ವಾಂಡರ್‌ವೀನ್ ಗೋಲಿನ ನಡುವೆ ನಿಲ್ಲುತ್ತಿದ್ದಾನೆ. ಇಲ್ಲಿ ತಾನು ನಲ್ಲಿ ನೋಡುತ್ತ ನಿಂತಿದ್ದಾನೆ.

"ಹೊರೇಸ್, ನಿನ್ನ ಶರಟು, ಟೋಪಿ ಕೊಡು. ಬಾಗಿಲಲ್ಲಿ ಇರೋನು ಕಿತ್ತಳೆ ಬಣ್ಣದವರನ್ನ ತಡೆಯಲ್ಲ."

"ನೀನು ನೋಡಿದ್ರೆ ನಿಮ್ಮವರು ಸೋಲ್ತಾರೆ. ಅಲ್ವಾ?"

"ಹಾಗಂತಾರೆ."

ಹೊರೇಸ್ ಗುಂಡಿ ಬಿಚ್ಚತೊಡಗಿದ. "ಮೊದಲೇ ಹೇಳಬಾರದಾ? ತಗೋ. ಪ್ಯಾಂಟೂ ಬೇಕಾ?"

ಎಲ್ವುಡ್‌ನ ಕೈ ಅರ್ಧದಲ್ಲೇ ನಿಂತಿತು. ಮರ್ಲೀನ್ ಹೇಳಿದ್ದು ನಿಜವಾಗಿದ್ದರೆ? ತನ್ನ ಒಂದು ನೋಟಕ್ಕೆ ಇಡೀ ಊರಿನ ಕಪ್ಪು ಹೋದರೆ? ಆಮೇಲೆ ಯೋಚಿಸಿದ. ಏಳು ಗೋಲು ತಿಂದ ದಿನ ವಾಂಡರ್‌ವೀನ್ ತನ್ನ ಕಣ್ಣನ್ನೂ ನೋಡಿದ್ದ. ಅವತ್ತು ನೋಡಿಸಿಕೊಂಡ ಕಣ್ಣು ಇವತ್ತು ಗೋಡೆ ನೋಡಬೇಕೇ? ತನ್ನ ಹಸಿರು ಶರಟು ಹೊರೇಸ್‌ಗೆ ಕೊಟ್ಟು ಕಿತ್ತಳೆಯದನ್ನು ತೊಟ್ಟ, ಟೋಪಿಯನ್ನು ಹುಬ್ಬಿನ ತನಕ ಎಳೆದ.

ಗಸ್ ಮುಖವನ್ನೂ ನೋಡಲಿಲ್ಲ. "ಹೋಗಪ್ಪ, ಹೋಗು. ನಿಮ್ಮವರ ಜೊತೆ ಕೂತು ಅಳು."

ಮೆಟ್ಟಿಲಿನ ಬಾಯಲ್ಲಿ, ತನ್ನದೇ ಸಾಲಿಗೆ ಸ್ವಲ್ಪ ಮೇಲೆ, ಎಲ್ವುಡ್ ನಿಂತ. ಒದೆತಗಳು ಸಮವಾಗಿ ನಡೆದಿದ್ದವು. ಹಾರ್ಲನ್ನಿನ ಕೊನೆಯ ಆಟಗಾರ ಓಡಿ ಬಂದ, ಬಲಕ್ಕೆ ಒದ್ದ. ವಾಂಡರ್‌ವೀನ್ ಹದ್ದಿನಂತೆ ಹಾರಿ ಬೆರಳ ತುದಿಯಲ್ಲಿ ಚೆಂಡನ್ನು ಕಂಬಕ್ಕೆ ತಳ್ಳಿದ. ಆಮೇಲೆ ಅರಾಯಾ ಬಂದ. ಅವಸರವಿಲ್ಲ, ಆರ್ಭಟವಿಲ್ಲ. ಮನೆಯ ಬಾಗಿಲು ಹಾಕುವಷ್ಟು ಮೆತ್ತಗೆ ಚೆಂಡನ್ನು ಮೂಲೆಗೆ ಇಟ್ಟ. ಅವನ ಕೆಲಸ ಮುಗಿದಿತ್ತು.

ಕೊಂಬು ಮೊಳಗಿತು. ಈ ಸಲ ಎಲ್ವುಡ್ ಅದನ್ನು ಗೋಡೆಯ ಆಚೆಯಿಂದ ಕೇಳಲಿಲ್ಲ. ಕುಣಿದ, ಅತ್ತ, ಗೊತ್ತಿಲ್ಲದವರ ಕುತ್ತಿಗೆಗೆ ಬಿದ್ದ. ಹಸಿರು ಜನರ ನಡುವೆ ಒಬ್ಬ ಕಿತ್ತಳೆಯವನು ಹೀಗೆ ಕುಣಿಯುವುದು ಕಂಡು ಮರ್ಲೀನ್ ಮೇಲೆ ಹತ್ತಿ ಬಂದು ಟೋಪಿ ಕಿತ್ತಳು.

"ನೋಡಿದೆ ಮರ್ಲೀನ್," ಅಂದ ಎಲ್ವುಡ್. "ಕಣ್ಣಾರೆ ನೋಡಿದೆ. ಸೋತ್ವಾ? ಈಗ ಹೇಳು, ಶನಿ ಯಾರು?"

ಅಷ್ಟರಲ್ಲಿ ಗಸ್ ಕೂಡ ಬಂದ. ಗೆಳೆಯನನ್ನು ಹೆಗಲ ಮೇಲೆ ಹೊತ್ತು ತರೋಣ ಅಂತ ಒಳಗೆ ಹೋದವನಿಗೆ ಸಿಕ್ಕಿದ್ದು ಎಲ್ವುಡ್‌ನ ಹಸಿರು ಶರಟಿನಲ್ಲಿ ಬಿಗಿದು ಕೂತ ಹೊರೇಸ್. ಅವನನ್ನೇ ಎಳೆದುಕೊಂಡು ಬಂದಿದ್ದ. ನಡೆದದ್ದನ್ನೆಲ್ಲ ಕೇಳಿ ಇಡೀ ಸಾಲು ಮರ್ಲೀನ್ ಕಡೆ ತಿರುಗಿತು.

"ತಪ್ಪಾಯ್ತಪ್ಪ," ಅಂದಳು ಅವಳು. "ನಿನ್ನ ಕಣ್ಣಲ್ಲಿ ದೋಷ ಇಲ್ಲ. ಮುಂದಿನ ಸೀಸನ್ ಪೂರ್ತಿ ನಿನ್ನ ಸೀಟಲ್ಲೇ ಕೂತ್ಕೋ. ಯಾರೂ ಎಬ್ಬಿಸಲ್ಲ."

ಎಲ್ವುಡ್‌ನ ಎದೆ ತುಂಬಿ ಬಂತು. "ಸರಿ, ಹೊರೇಸ್, ನನ್ನ ಶರಟು ಕೊಡು. ನಿನ್ನದು ತಗೋ," ಅಂತ ಮೊದಲ ಗುಂಡಿಗೆ ಕೈ ಹಾಕಿದ.

ಮರ್ಲೀನ್ ಆ ಕೈಯನ್ನು ಗಪ್ಪನೆ ಹಿಡಿದಳು.

"ಬಿಚ್ಚಬೇಡ. ನೀನು ಹಸಿರು ಹಾಕ್ಕೊಂಡು ನೋಡಿದಾಗ ಸೋತ್ವಿ. ಕಿತ್ತಳೆ ಹಾಕ್ಕೊಂಡು ನೋಡಿದಾಗ ಗೆದ್ವಿ. ಇನ್ಮೇಲೆ ಆಟಕ್ಕೆ ಬಂದ್ರೆ ಇದರಲ್ಲೇ ಬರಬೇಕು."

"ಹಾರ್ಲನ್ ಶರಟಾ? ಈ ಸಾಲಲ್ಲಾ? ಮರ್ಲೀನ್, ಜನ ನನ್ನ ಸಿಗಿದು ಹಾಕ್ತಾರೆ."

"ಹಾಕಲಿ. ಕ್ಲಬ್ಬು ದೊಡ್ಡದಾ, ನೀನು ದೊಡ್ಡವನಾ?" ಅಂದಳು ಅವಳು. ಕೊನೆಯ ಗುಂಡಿಯನ್ನೂ ತಾನೇ ಹಾಕಿ, ಶರಟು ಮೂಸಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು. "ಇನ್ನೊಂದು ಮಾತು ಎಲ್ವುಡ್. ಒಗೀಬೇಡ."