ಹೆಬ್ಬಾತುಗಳಿಗೆ ನಾನು ನೋಡಿದ ವರ

ನಮ್ಮ ಬಳಗದ ಹನ್ನೊಂದು ಹುಡುಗಿಯರಿಗೆ ವರ ಹುಡುಕಿಕೊಟ್ಟವನು ನಾನು. ಹುಡುಗನ ನಡಿಗೆ, ನುಡಿ, ಹಿರಿಯರೆದುರು ತಲೆ ತಗ್ಗಿಸಿ ನಿಲ್ಲುವ ರೀತಿ, ಇಷ್ಟು ನೋಡಿದರೆ ಸಾಕು, ಜಾತಕವೇ ಬೇಡ. ಅಂಥವನಿಗೆ ಒಂದು ಗಂಡು ಹೆಬ್ಬಾತು ಆರಿಸುವುದು ಯಾವ ಮಹಾ ಕೆಲಸ!

ಹಳದೀಪುರದ ನಮ್ಮ ಹಿತ್ತಲಲ್ಲಿ ಹೆಂಡತಿ ನಾಗವೇಣಿ ಮೂರು ಹೆಣ್ಣು ಹೆಬ್ಬಾತು ಸಾಕಿದ್ದಾಳೆ. ಹೋದ ವರ್ಷ ಮೂರೂ ಮೊಟ್ಟೆಯಿಟ್ಟು ತಿಂಗಳುಗಟ್ಟಲೆ ಕಾವು ಕೂತವು. ಮರಿ ಬರಲಿಲ್ಲ, ವಾಸನೆ ಬಂತು.

"ಗಂಡಿಲ್ದೆ ಮರಿ ಎಲ್ಲಿಂದ ಬರ್ತದೆ? ಈ ಸಲನೂ ಆಗ್ಲಿಲ್ಲ ಅಂದ್ರೆ ಮೂರನ್ನೂ ಭಟ್ಕಳದ ತಂಗಿ ಮನೆಗೆ ಕೊಟ್ಬಿಡ್ತೆ. ಅವು ಸುಮ್ನೆ ಕೂತು ಸೊರಗೂದು ನೋಡೂಕಾಗೂದಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು.

ಧಾರೇಶ್ವರದ ತಿಮ್ಮಪ್ಪನ ತೋಟದಲ್ಲಿ ಏಳೆಂಟು ಹೆಬ್ಬಾತುಗಳಿದ್ದವು. ವರಾನ್ವೇಷಣೆಯಲ್ಲವೇ, ಇಸ್ತ್ರಿ ಮಾಡಿದ ಪಂಚೆಯಲ್ಲೇ ಹೋದೆ. ಗೇಟು ದಾಟುತ್ತಲೇ ಒಂದು ಹೆಬ್ಬಾತು ಕತ್ತು ಚಾಚಿ, ಕೀರಲು ದನಿಯಲ್ಲಿ ಕಿರುಚುತ್ತ ಬಂದು ಪಂಚೆ ಕಚ್ಚಿತು. ಇಂಥವನಿಗೆ ಯಾರು ಹೆಣ್ಣು ಕೊಟ್ಟಾರು? ತಿರಸ್ಕರಿಸಿದೆ!

ಹಿಂದೆ ಇನ್ನೊಂದು ನಿಂತಿತ್ತು. ತಗ್ಗಿದ ತಲೆ, ತುಂಬಿದ ಮೈ, ಗಂಭೀರವಾದ ದಪ್ಪ ದನಿ. ವರ ಅಂದರೆ ಇವನು!

"ಮಾಸ್ತರೆ, ಅದು..." ಎಂದು ತಿಮ್ಮಪ್ಪ ಬಾಯಿ ತೆರೆದ.

"ಸುಮ್ನಿರು ಮಾರಾಯ. ಗಂಡಿನ ಕಡೆಯವ್ರು ತಮ್ಮವ್ರನ್ನ ಹೊಗಳೂದು ಇದ್ದದ್ದೇ."

"ಹೊಗಳೂದಲ್ರಾ, ಅದು..."

"ಆತು, ಒಪ್ಗೆ!"

ವರನನ್ನು ಬುಟ್ಟಿಯಲ್ಲಿ ಕೂರಿಸಿ ಬಸ್ಸಿನಲ್ಲಿ ಕರೆತಂದೆ. ಮೂವರು ಹೆಂಡಿರೊಡನೆ ಎಂಥ ಹೊಂದಾಣಿಕೆ! ಒಂದು ದಿನ ಜಗಳವಿಲ್ಲ. ಪಕ್ಕದ ಮನೆಯ ಗೌರಕ್ಕನನ್ನು ಕರೆದು ತೋರಿಸಿ ಬೀಗಿದೆ.

ಮೂರನೆಯ ವಾರ ವರ ಮೊಟ್ಟೆಯಿಟ್ಟ.

ಗೌರಕ್ಕ ಬೇಲಿ ಹಿಡಿದುಕೊಂಡು ನಕ್ಕಳು. "ಮಾಸ್ತರೆ, ನಮ್ ಹುಡ್ಗಿಗೂ ಗಂಡು ನೋಡ್ತೆ ಅಂದಿದ್ರಲ್ಲ, ಎಂತ ಅವಸರ ಇಲ್ಲ ಮಾರಾಯ್ರೆ!"

ನಾಗವೇಣಿ ನಗಲಿಲ್ಲ. ತಂಗಿಗೆ ಫೋನು ಮಾಡಲು ಹೊರಟಳು. ಮೊಟ್ಟೆಯಿಟ್ಟ ವರನನ್ನು ಅದೇ ಬುಟ್ಟಿಯಲ್ಲಿ ಹೊತ್ತು ಧಾರೇಶ್ವರಕ್ಕೆ ಓಡಿದೆ.

"ಅದು ಹೆಣ್ಣು ಅಂತ್ಲೇ ಹೇಳೂಕೆ ಹೊರ್ಟಿದ್ದೆ" ಎಂದ ತಿಮ್ಮಪ್ಪ. "ದಪ್ಪ ದನಿ ಹೆಣ್ಣಿಂದು. ಯಾರಾದ್ರೂ ಬಂದ್ರೆ ಹೆಣ್ಣು ಹಿಂದೆ ನಿಲ್ತದೆ. ಕಿರುಚ್ತಾ ಮುಂದೆ ಬಂದು ಕಚ್ಚೂದು ಗಂಡು. ನಿಮ್ಮನ್ನ ಕಚ್ಚಿತ್ತಲ್ರಾ, ಅದೇ!"

ನಾನು ತಿರಸ್ಕರಿಸಿದ ವರನನ್ನೇ ಕೈಮುಗಿದು ಕೇಳಿ ಪಡೆದೆ. ಹಳದೀಪುರ ಬರುವಷ್ಟರಲ್ಲಿ ಅವನು ನನ್ನನ್ನು ಎರಡು ಸಲ, ಕಂಡಕ್ಟರನ್ನು ಒಂದು ಸಲ ಕಚ್ಚಿದ. ಪ್ರತಿ ಸಲವೂ ನನ್ನ ಮನಸ್ಸಿಗೆ ಅಷ್ಟಷ್ಟು ಸಮಾಧಾನವಾಯಿತು. ಗಂಡೇ, ಸಂಶಯವಿಲ್ಲ!

ಅವನು ಬಂದಮೇಲೆ ಇಟ್ಟ ಮೊಟ್ಟೆಗಳಿಗೆ ಕಾವು ಕೂರಿಸಿದೆವು. ಮೊನ್ನೆ ಒಂಬತ್ತು ಮರಿಗಳು ಹೊರಬಂದವು! ನಾಗವೇಣಿ ಮಡಿಲ ತುಂಬ ಮರಿ ಇಟ್ಟುಕೊಂಡು ಕೂತದ್ದನ್ನು ಕಂಡು, ಅಬ್ಬ, ನನ್ನ ಎದೆಯ ಭಾರ ಇಳಿಯಿತು.

"ತಪ್ಪು ನಿಮ್ದಲ್ಲ ಬಿಡಿ" ಎಂದಳು. "ನಮ್ಮಪ್ಪನೂ ಹೀಂಗೇ. ತಲೆ ತಗ್ಸಿ ನಿಂತದ್ದು ಕಂಡೇ ನಿಮ್ಮನ್ನ ಒಪ್ಪಿದ್ರು."

ತಕ್ಕ ಉತ್ತರ ಕೊಡಬೇಕೆಂದು ಎದೆಯುಬ್ಬಿಸಿದೆ. ಅಷ್ಟರಲ್ಲಿ ವರ ಕತ್ತು ಚಾಚಿ ಓಡಿಬಂದ. ನಾನು ಪಂಚೆ ಎತ್ತಿಕೊಂಡು ನಾಗವೇಣಿಯ ಹಿಂದೆ ಹೋಗಿ ನಿಂತೆ.