ಸಂಜೀವಕುಮಾರರ ಸಹಿ, ಸಿಂದಗಿಯ ಬೀಗರು

ಮುದ್ದೇಬಿಹಾಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಸಂಜೀವಕುಮಾರರು ಒಂದು ಬೆಳಿಗ್ಗೆ ಚಹಾದ ಕಪ್ಪು ಕೆಳಗಿಡುವ ಮೊದಲೇ ರಾಜಾಜ್ಞೆ ಹೊರಡಿಸಿದರು: ಇನ್ನು ಮುಂದೆ ತಮ್ಮ ಪ್ರತಿಯೊಂದು ಇಮೇಲ್ ಡಿಜಿಟಲ್ ಸಹಿ ಹೊತ್ತೇ ಮನೆ ಬಿಡತಕ್ಕದ್ದು! ಕಾರಣವಿತ್ತು. ಹಿಂದಿನ ವಾರ ಯಾರೋ ಪುಣ್ಯಾತ್ಮರು ಪ್ರಿನ್ಸಿಪಾಲರ ಹೆಸರಿನಲ್ಲಿ ‘ನಾಳೆ ರಜೆ’ ಎಂದು ಮೇಲ್ ಕಳಿಸಿದ್ದರು. ಇಡೀ ಸ್ಟಾಫು ಮನೆಯಲ್ಲಿ ಕೂತು ಮಿರ್ಚಿ ಭಜಿ ತಿಂದಿತ್ತು. ಎಲ್ಲರಿಗಿಂತ ಹೆಚ್ಚು ತಿಂದವರು ಸಂಜೀವಕುಮಾರರೇ.

“ಹೆಸರು ಯಾರು ಬೇಕಾದ್ರೂ ಬರೀಬಹುದು. ಈ ಸಹಿ ನನ್ನ ಬಿಟ್ಟು ಯಾರಿಗೂ ಹಾಕಾಕ ಬರೂದಿಲ್ಲ” ಎಂದು ಹೆಂಡತಿಗೆ ತಿಳಿಹೇಳಿದರು. ವಿದ್ಯಾವತಿ ರೊಟ್ಟಿ ಬಡಿಯುತ್ತಲೇ, ಅದು ನಿಮ್ಮದೇ ಸಹಿ ಅಂತ ಓದುವವರಿಗೆ ಯಾರು ಹೇಳುತ್ತಾರೆ ಎಂದು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೇ ಅವರಿಗೆ ಸಿಟ್ಟು ಬಂತು.

ಭಾನುವಾರವಿಡೀ ಲ್ಯಾಪ್‌ಟಾಪಿನ ಮುಂದೆ ತಪಸ್ಸು. ಸಹಿಗೆ ಒಂದು ಪ್ರಮಾಣಪತ್ರ ಬೇಕು, ಮಾನ್ಯ ಸಂಸ್ಥೆಯಿಂದ ತರುತ್ತೀರೋ ನೀವೇ ಮಾಡಿಕೊಳ್ಳುತ್ತೀರೋ ಎಂದಿತು ಯಂತ್ರ. ಊರ ಮಕ್ಕಳಿಗೆಲ್ಲ ಗುಣನಡತೆಯ ಸರ್ಟಿಫಿಕೇಟ್ ಬರೆದುಕೊಟ್ಟ ಕೈ ಇದು. ಇದಕ್ಕೆ ಇನ್ನೊಬ್ಬರ ಸರ್ಟಿಫಿಕೇಟೇ? ತಾವೇ ಮಾಡಿಕೊಂಡು, ತಮಗೆ ತಾವೇ ಸಾಕ್ಷಿಯಾದರು.

ಸಹಿ ಹೊತ್ತ ಮೊದಲ ಮೇಲ್ ಸಿಂದಗಿಯ ಶ್ರೀಶೈಲಪ್ಪನವರಿಗೆ ಹೋಯಿತು. ಅವರ ಮಗನಿಗೂ ವಿದ್ಯಾವತಿಯ ತಂಗಿ, ಅಕ್ಕನ ಮನೆಯಲ್ಲೇ ಇದ್ದ ದಾನೇಶ್ವರಿಗೂ ಸಂಬಂಧ ಕುದುರುವುದರಲ್ಲಿತ್ತು. ದೇವಣಗಾಂವದ ಮಾವನವರು ಮೊಣಕಾಲು ನೋವೆಂದು ಕೂತಿದ್ದರಿಂದ ಮಾತುಕತೆಯ ಭಾರ ಅಳಿಯಂದಿರ ಮೇಲೆ ಬಿದ್ದಿತ್ತು. ‘ನಿಶ್ಚಯಕ್ಕೆ ದಯಮಾಡಿಸಿ, ನಮ್ಮ ಮನೆತನಕ್ಕೆ ನಾನು ಜವಾಬ್ದಾರ’ ಎಂದು ಗಂಭೀರವಾಗಿ ಬರೆದಿದ್ದರು. ಶ್ರೀಶೈಲಪ್ಪನವರೋ ಬ್ಯಾಂಕಿನಲ್ಲಿ ಜೀವಮಾನವೆಲ್ಲ ಸಹಿ ತಾಳೆ ನೋಡಿ ನಿವೃತ್ತರಾದವರು. ಮೇಲ್ ತೆರೆದರೆ ಅದರ ನೆತ್ತಿಯ ಮೇಲೊಂದು ಕೆಂಪು ಪಟ್ಟಿ: ‘ಎಚ್ಚರಿಕೆ. ಈ ಸಹಿ ಮಾಡಿದವರನ್ನು ನಂಬಲು ಆಧಾರವಿಲ್ಲ.’

ಸಿಂದಗಿಯಿಂದ ಉತ್ತರವೇ ಇಲ್ಲ. ಬದಲಿಗೆ ಓಣಿಯ ತುದಿಯ ಟೇಲರ್ ದಾವಲಮಲಿಕ ಮನೆಗೆ ಬಂದ.

“ಸರ, ಸಿಂದಗಿಯವ್ರು ಯಾರೋ ಅಂಗಡಿಗೆ ಬಂದಿದ್ರು. ನಿಮ್ಮ ಮ್ಯಾಲ ಏನರ ಕೇಸ್ ಐತೇನು ಅಂತ ಕೇಳಿ ಹೋದ್ರು.”

ವಿದ್ಯಾವತಿಯ ಕೈ ಹಿಟ್ಟಿನಲ್ಲೇ ನಿಂತಿತು. ದಾನೇಶ್ವರಿ ಹುಡುಗನನ್ನು ಮೆಚ್ಚಿ, ನಿಶ್ಚಯದ ಸೀರೆಯ ಜಂಪರನ್ನು ಅದೇ ದಾವಲಮಲಿಕನ ಹತ್ತಿರ ಹೊಲಿಯಲು ಹಾಕಿದ್ದಳು. “ನನ್ನ ತಂಗಿ ಸಂಬಂಧ ಮುರೀತಂದ್ರ ಲ್ಯಾಪ್‌ಟಾಪ್ ಬಾವಿಗೆ ಒಗೀತೇನಿ” ಎಂದಳು ವಿದ್ಯಾವತಿ. ತಮ್ಮನ್ನು ಒಗೆಯುವುದಿಲ್ಲವಲ್ಲ ಎಂದು ಸಂಜೀವಕುಮಾರರು ಒಳಗೊಳಗೇ ಸಮಾಧಾನಪಟ್ಟರು.

ಸಂಜೀವಕುಮಾರರೇ ಫೋನು ಮಾಡಿ ಅಂಗಲಾಚಿದ ಮೇಲೆ ಶ್ರೀಶೈಲಪ್ಪನವರು ನಾಲ್ಕು ಜನ ಹಿರಿಯರೊಂದಿಗೆ ಬಂದಿಳಿದರು. ಸಂಜೀವಕುಮಾರರು ಲ್ಯಾಪ್‌ಟಾಪ್ ತೆರೆದು ಪಾಠ ಶುರು ಮಾಡಿದರು. ಪ್ರಮಾಣಪತ್ರ ತಾವೇ ಮಾಡಿಕೊಂಡದ್ದನ್ನೂ ಹೇಳಿ, ತಪ್ಪೆಲ್ಲ ಯಂತ್ರದ್ದೇ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

“ಅಂದ್ರ ನಿಮ್ಮ ಬಗ್ಗೆ ನೀವೊಬ್ಬರ ಸಾಕ್ಷಿ ಹೇಳೀರಿ” ಎಂದರು ಶ್ರೀಶೈಲಪ್ಪನವರು.

“ಹೌದ್ರಿ.”

“ಹಂಗ ನಡೆಯಂಗಿಲ್ರಿ.” ಅವರು ಎಲೆ-ಅಡಿಕೆಯ ತಾಟನ್ನು ವಿದ್ಯಾವತಿಯ ಕಡೆ ಸರಿಸಿದರು. “ಯವ್ವಾ, ಇದನ್ನ ಮುಟ್ಟಿ ನೀ ಹೇಳು. ಇವ್ರನ್ನ ನಂಬೂಣೇನು?”

ವಿದ್ಯಾವತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮದುವೆಯಾದಂದಿನಿಂದ ಆಡಿದ ಒಂದೊಂದು ಜಗಳವೂ ಸಂಜೀವಕುಮಾರರಿಗೆ ನೆನಪಾಯಿತು. ಅವುಗಳಲ್ಲಿ ಒಂದರಲ್ಲೂ ತಾವು ಗೆಲ್ಲಬಾರದಿತ್ತು ಎನ್ನಿಸಿತು.

“ಇವ್ರಿಗೆ ಸುಳ್ಳು ಹೇಳಾಕ ಬರೂದಿಲ್ರಿ. ಹೇಳಿದ್ರ ಕಿವಿ ಕೆಂಪಾಗ್ತಾವ. ನಂಬ್ರಿ” ಎಂದು ಆಕೆ ಎಲೆ ಮುಟ್ಟಿದಳು.

ಐದೂ ಜನ ಹಿರಿಯರು ಸಂಜೀವಕುಮಾರರ ಕಿವಿ ನೋಡಿದರು. ಎಲೆ-ಅಡಿಕೆ ಕೈ ಬದಲಾಯಿತು, ಸಂಬಂಧ ಗಟ್ಟಿಯಾಯಿತು. ಒಳಗೆ ದಾನೇಶ್ವರಿ ನಕ್ಕದ್ದು ಹೊರಗೂ ಕೇಳಿಸಿತು.

ಗೆದ್ದ ಹುರುಪಿನಲ್ಲಿ ಸಂಜೀವಕುಮಾರರು, ನಿಶ್ಚಯದ ಮುಹೂರ್ತವನ್ನು ಮೇಲ್‌ನಲ್ಲಿ ತಿಳಿಸುವುದಾಗಿ ಎದೆಯುಬ್ಬಿಸಿ ಹೇಳಿದರು. ಶ್ರೀಶೈಲಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿದರು.

“ಕಳಸ್ರಿ ಬೀಗರ. ಆದ್ರ ಸಹಿ ಮಾತ್ರ ನಿಮ್ಮ ಮನಿಯವ್ರದು ಇರ್ಲಿ.”