ಅಗರಬತ್ತಿ ಚುಚ್ಚಿಸಿಕೊಂಡ ವಿಮಾನ

ನಮ್ಮಣ್ಣನನ್ನು ದಯವಿಟ್ಟು ಊಟಕ್ಕೆ ಕರೆಯಬೇಡಿ! ಕರೆದರೆ ಖಂಡಿತ ಬರುತ್ತಾನೆ. ಆದರೆ ಎಲೆಯ ಮುಂದೆ ಕೂರುವ ಮೊದಲು ತಲೆಯೆತ್ತಿ ನಿಮ್ಮ ಫ್ಯಾನು ನೋಡುತ್ತಾನೆ, ಅದರ ಕೆಳಗೆ ಕೂತವರನ್ನು ಎಬ್ಬಿಸುತ್ತಾನೆ, ಸ್ಟೂಲು ಕೇಳುತ್ತಾನೆ. ಅನ್ನ ಆರುವ ಹೊತ್ತಿಗೆ ಫ್ಯಾನು ಕೆಳಗಿಳಿದು ಚಾಪೆಯ ಮೇಲೆ ಮಲಗಿರುತ್ತದೆ.

ಅವನ ತಪ್ಪಲ್ಲ ಬಿಡಿ. ದೂರದ ಊರಿನ ವಿಮಾನ ಕಲಿಸುವ ಕ್ಲಬ್ಬಿನಲ್ಲಿ ಆಯುಷ್ಯವೆಲ್ಲ ನಟ್ಟು ಬೋಲ್ಟು ನೋಡಿ, ನಿವೃತ್ತನಾಗಿ ಕೊಟ್ಟೂರಿಗೆ ಬಂದವನು. ಬಂದವನು ಸುಮ್ಮನಿರಬಹುದಿತ್ತು. ಆದರೆ ಕೂಡ್ಲಿಗಿ ರಸ್ತೆಯ ಸಾವ್ಕಾರರೊಬ್ಬರಿಗೆ ಹಾರುವ ಹುಚ್ಚು. ಎಲ್ಲಿಂದಲೋ ಒಂದು ಹಳೆಯ ಮೋಟಾರ್ ಗ್ಲೈಡರ್ ತಂದು ಹೊಲದ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದರು. ಎರಡು ಸೀಟು, ಉದ್ದುದ್ದ ರೆಕ್ಕೆ, ಸಣ್ಣ ಎಂಜಿನ್ನು. ಮೇಲೆ ಹೋಗಿ ಎಂಜಿನ್ನು ಬಂದ್ ಮಾಡಿದರೂ ಹದ್ದಿನ ಹಾಗೆ ತೇಲುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಇನ್‌ಸ್ಪೆಕ್ಟರು ಬಂದು ಬಿಚ್ಚಿ ನೋಡುತ್ತಾರೆ. ಉಳಿದಂತೆ ಪ್ರತಿ ಸಲ ಹಾರುವ ಮುನ್ನ ನೋಡುವುದು ಅಣ್ಣನ ಕೆಲಸ. ಏಳನೇ ಕ್ಲಾಸಿಗೇ ಶರಣು ಹೊಡೆದು ಬಂದ ನಾನು ಅವನ ಸಹಾಯಕ.

ಅವನು ರೆಕ್ಕೆಯುದ್ದಕ್ಕೂ ನಾಣ್ಯದಿಂದ ಟಕ್ ಟಕ್ ಎಂದು ಬಡಿದು ಕಿವಿಗೊಡುತ್ತಾನೆ. ಗಟ್ಟಿ ಇದ್ದರೆ ಒಂದು ಸದ್ದು, ಒಳಗೆ ಅಂಟು ಬಿಟ್ಟಿದ್ದರೆ ಇನ್ನೊಂದು. ಸರಿ, ವಿಮಾನಕ್ಕೆ ಬಡಿಯಲಿ! ನನ್ನ ಮಗಳಿಗೆ ಗಂಡು ನೋಡಲು ತೆಲಿಗಿಗೆ ಹೋದಾಗ ಅವರ ಹೊಸ ಮನೆಯ ಗೋಡೆಗೂ ಬಡಿಯಬೇಕೇ?

"ಏನ್ ನೋಡಾಕತ್ತೀರಿ ಹಿರ್ಯಾರ?" ಎಂದರು ಹುಡುಗನ ತಂದೆ.

"ಟೈಲ್ಸ್ ಹಿಂದ ಟೊಳ್ಳು ಐತ್ರಿ. ಯಾವತ್ತಿದ್ರೂ ಬೀಳತೈತಿ."

ಹುಡುಗನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸಂಬಂಧ ಅಲ್ಲೇ ಉದುರಿತು. ಟೈಲ್ಸ್ ಮಾತ್ರ ಇನ್ನೂ ಗೋಡೆಯಲ್ಲೇ ಇವೆಯಂತೆ!

ಬಿಗಿದ ನಟ್ಟಿನ ಮೇಲೆ ಅವನು ಕೆಂಪು ಬಣ್ಣದ ಗೆರೆ ಎಳೆಯುತ್ತಾನೆ. ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಈ ಗೆರೆ ನಮ್ಮ ಮನೆಯ ಕುಕ್ಕರಿನ ಹಿಡಿಗೂ ಬಂತು, ಮಂಚಕ್ಕೂ ಬಂತು. ಉಜ್ಜಿನಿಯಿಂದ ಬಂದ ಅತ್ತಿಗೆಯ ತಾಯಿ ಅದನ್ನು ಕುಂಕುಮವೆಂದು ತಿಳಿದು, ಮಂಚಕ್ಕೆ ಕೈಮುಗಿದು, ಇದ್ದಷ್ಟು ದಿನವೂ ನೆಲದ ಮೇಲೆಯೇ ಮಲಗಿದರು!

ನಮ್ಮ ಕಡೆಯವರ ಪದ್ಧತಿಯೇ ಬೇರೆ. ಟ್ರ್ಯಾಕ್ಸ್ ಗಾಡಿಯ ಡ್ರೈವರು ಬ್ರೇಕಿಗಿಂತ ಮುಂದೆ ಕಟ್ಟಿದ ನಿಂಬೆಹಣ್ಣನ್ನು ಹೆಚ್ಚು ನಂಬುತ್ತಾನೆ. ಹಣ್ಣು ಒಣಗಿದರೆ ಬದಲಿಸುತ್ತಾನೆ. ಬ್ರೇಕು ಹೋದರೆ ಹಾರ್ನು ಹೊಡೆಯುತ್ತಾನೆ. ನಾನೂ ಅದೇ ಪಂಥದವನು.

ಕಳೆದ ಆಯುಧ ಪೂಜೆಯ ದಿನ ಅಣ್ಣ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಮನೆಯಲ್ಲಿದ್ದ. ಪೂಜೆ ನನ್ನ ಪಾಲಿಗೆ ಬಂತು. ವಿಮಾನದ ಮೂಗಿಗೆ ವಿಭೂತಿ ಬಳಿದೆ, ರೆಕ್ಕೆಗೆ ಚೆಂಡುಹೂವು ಕಟ್ಟಿದೆ. ರೆಕ್ಕೆಯ ಅಂಚಿನಿಂದ ಮುಂದಕ್ಕೆ ಚಾಚಿದ ಸಣ್ಣ ಕೊಳವೆಯೊಂದಿತ್ತು. ಓಡುವಾಗ ಅದರೊಳಗೆ ಗಾಳಿ ನುಗ್ಗಿದರೆ ವೇಗದ ಮುಳ್ಳು ಏಳುತ್ತದೆ. ಅಣ್ಣ ಯಾವಾಗಲೂ "ಅದರ ಮುಚ್ಚಳ ತೆಗಿಬ್ಯಾಡಲೇ" ಅನ್ನುತ್ತಿದ್ದ. ಯಾಕೆಂದು ನಾನು ಕೇಳಿರಲಿಲ್ಲ. ನನಗೆ ಕಂಡಿದ್ದು ಇಷ್ಟೇ: ಇಡೀ ವಿಮಾನದಲ್ಲಿ ಅಗರಬತ್ತಿ ಚುಚ್ಚಲು ಅದಕ್ಕಿಂತ ಪ್ರಶಸ್ತವಾದ ಜಾಗವಿಲ್ಲ! ಚುಚ್ಚಿದೆ. ಉರಿದು ಮುಗಿದ ಮೇಲೆ ಕಡ್ಡಿ ಎಳೆದೆ, ಮುಚ್ಚಳ ಹಾಕಿದೆ. ತುದಿ ಮುರಿದು ಒಳಗೇ ಉಳಿದದ್ದು ನನಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಹಾರಾಟ. ನನ್ನನ್ನೂ ಒಮ್ಮೆ ಕೂರಿಸಬೇಕೆಂದು ಅಣ್ಣ ಸಾವ್ಕಾರರನ್ನು ಒಪ್ಪಿಸಿದ್ದ. ಕಣ್ಣು ಇನ್ನೂ ಮಂಜಾಗಿದ್ದರಿಂದ ತಾನು ಕೊಳವೆಯ ಮುಚ್ಚಳ ತೆಗೆದು, ಕೈಯಿಂದ ಮುಟ್ಟಿ ಮುಟ್ಟಿ ನೋಡಿದ, ಉಳಿದದ್ದನ್ನು ನನಗೆ ಬಿಟ್ಟ.

"ಪೈಪಿನ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದ್ಯಾ?"

"ನೋಡೀನಣ್ಣ," ಎಂದೆ. ನಾನು ನೋಡುತ್ತಿದ್ದದ್ದು ಮೊಬೈಲಿನಲ್ಲಿ ಪೂಜೆಯ ಫೋಟೋ.

"ಹಂಗಾರ ಮೊದಲನೇ ಸುತ್ತು ನಾ ಹೋಗತೀನಿ, ಎರಡನೇದು ನೀ," ಎಂದು ಸಾವ್ಕಾರರ ಪಕ್ಕ ಹತ್ತಿದ.

ವಿಮಾನ ಓಡಿತು. ಏಳಲಿಲ್ಲ. ಓಡುದಾರಿ ಮುಗಿದು, ಆಚೆಯ ಸಜ್ಜೆ ಹೊಲಕ್ಕೆ ನುಗ್ಗಿ ನಿಂತಿತು. ಇಳಿದ ಸಾವ್ಕಾರರ ಮುಖ ಬಿಳಿಚಿತ್ತು. "ಗಾಳಿ ಸದ್ದು ಬರಾಕತ್ತೈತಿ, ಮುಳ್ಳು ಎದ್ದಿಲ್ಲಂದ್ರ ನಿಲ್ಲಸ್ರೀ" ಎಂದು ಅಣ್ಣ ಒಳಗೆ ಕೂಗಿಕೊಂಡಿದ್ದನಂತೆ. ಅವನು ಕೊಳವೆಗೆ ಚಿಮಟ ಹಾಕಿ ಕಡ್ಡಿಯ ತುಂಡು ಎಳೆದು ತೆಗೆದ. ಇನ್ನೂ ಮಲ್ಲಿಗೆ ವಾಸನೆ!

"ಇದನ್ನ ಯಾರು ನೋಡಿದ್ದು?" ಸಾವ್ಕಾರರು ಗುಡುಗಿದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ, "ನಾನ್ರೀ," ಎಂದ.

ನಾನು ಬಾಯಿ ಮುಚ್ಚಿದೆ. ಹೌದು, ಮುಚ್ಚಿದೆ.

"ಕಣ್ಣು ಕಾಣಂಗಿಲ್ಲ ಅಂದ್ಮ್ಯಾಲ ಮನ್ಯಾಗ ಇರ್ರಿ. ನಾಳಿಂದ ಬರಬ್ಯಾಡ್ರಿ."

ಬೈಕಿನಲ್ಲಿ ಅವನನ್ನು ಹಿಂದೆ ಕೂರಿಸಿಕೊಂಡು ಕೊಟ್ಟೂರಿನ ಕಡೆ ಹೊರಟೆ. ಬೈಗುಳಕ್ಕೆ ಬೆನ್ನು ಸೆಟೆಸಿಕೊಂಡೇ ಓಡಿಸುತ್ತಿದ್ದೆ. ಆಮೇಲೆ ನನ್ನ ಹೆಗಲ ಮೇಲೆ ಕೈ ಬಿತ್ತು.

"ಮೊದಲನೇ ಸುತ್ತು ನಿನ್ನ ಕುಂದ್ರಸಬೇಕು ಅಂತ ಮಾಡಿದ್ನಲೇ ತಮ್ಮ. ನಾ ಕುಂತಿದ್ದು ಭಾಳ ಚಲೋ ಆತು."

ನಾನು ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದೆ.

"ಎಲ್ಲಿಗ್ಲೇ?"

"ಸಾವ್ಕಾರರ ಹತ್ರ. ಪೈಪು ನಾ ನೋಡಿಲ್ಲ ಅಂತ ಹೇಳಾಕ."

ಅವನು ಹೆಗಲ ಮೇಲಿನ ಕೈಯನ್ನು ಶೆಡ್ಡು ಬರುವವರೆಗೂ ತೆಗೆಯಲಿಲ್ಲ.